ಚಳಿಯ ಕೆಲಸ ಕುಡುಗೋಲು ಮಾಡಬೇಕು: ಕಾಂಪೌಂಡ್ ಬದಿಗೆ ಬಹುವಾರ್ಷಿಕ ಸೂರ್ಯಕಾಂತಿ

ಸೂರ್ಯಕಾಂತಿ ಎಂದರೆ ನಮ್ಮ ಕಡೆ ಹೊಲದ ಬೆಳೆ. ಬಿತ್ತಿದ ಮೂರು ತಿಂಗಳಿಗೆ ತೆನೆ ಬಾಗುತ್ತದೆ, ಕೊಯ್ದು ಬಡಿದರೆ ಅದರ ಕಥೆ ಮುಗಿಯಿತು. ಅದೇ ಕುಲದಲ್ಲಿ ಬುಡ ಉಳಿಸಿಕೊಂಡು ವರ್ಷವರ್ಷವೂ ಚಿಗುರಿ ಹೂ ಬಿಡುವ ಜಾತಿಗಳೂ ಇವೆ. ಇವುಗಳ ಹೂವು ತಟ್ಟೆಯಗಲ ಇರುವುದಿಲ್ಲ, ಎರಡೂವರೆ ಮೂರು ಇಂಚು ಬಂದರೆ ಹೆಚ್ಚು. ಆದರೆ ಒಂದು ಕಡ್ಡಿಯಲ್ಲಿ ಹತ್ತಾರು ಹೂವು, ಒಂದು ಬುಡದಲ್ಲಿ ಏಳೆಂಟು ಕಡ್ಡಿ. ಸರಿಯಾಗಿ ಬೇರೂರಿದ ಐದು ಗಿಡ ಇದ್ದರೆ ದಸರಾ ಹೊತ್ತಿಗೆ ಕಾಂಪೌಂಡಿನ ಒಂದು ಬದಿ ಹಳದಿಯಾಗುತ್ತದೆ.

ತೊಂದರೆ ಏನೆಂದರೆ, ಇವುಗಳ ಬಗ್ಗೆ ಓದಲು ಸಿಗುವ ಸಲಹೆಯೆಲ್ಲ ಚಳಿದೇಶದ್ದು. ಅಲ್ಲಿ ಹೂ ಮುಗಿಯುವ ಹೊತ್ತಿಗೆ ಹಿಮ ಬಿದ್ದು ಗಿಡದ ಮೇಲ್ಭಾಗ ಕರಗಿಹೋಗುತ್ತದೆ, ಬೇರು ನಾಲ್ಕೈದು ತಿಂಗಳು ಮಲಗುತ್ತದೆ, ನೆಲ ಬೆಚ್ಚಗಾದಾಗ ಏಳುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನಲ್ಲಿ ಡಿಸೆಂಬರಿನ ರಾತ್ರಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ. ಗಿಡಕ್ಕೆ ಮಲಗು ಎಂದು ಹೇಳುವವರಿಲ್ಲ. ನೀರು ಸಿಗುತ್ತಿದ್ದರೆ ಹೂ ಮುಗಿದ ಮೇಲೂ ಚಿಗುರುತ್ತದೆ, ಫೆಬ್ರುವರಿಯಲ್ಲಿ ಬಡಕಲು ಹೂ ಬಿಡುತ್ತದೆ, ಬುಡದಲ್ಲಿ ಕೂಡಿಟ್ಟದ್ದನ್ನೆಲ್ಲ ಖರ್ಚು ಮಾಡಿಕೊಂಡು ಏಪ್ರಿಲ್ ಬಿಸಿಲಿಗೆ ಬೇರುಸಮೇತ ಒಣಗುತ್ತದೆ. ‘ವರ್ಷಗಟ್ಟಲೆ ಇರುತ್ತೆ ಅಂತ ತಂದ್ವಿ, ಒಂದೇ ವರ್ಷಕ್ಕೆ ಹೋಯ್ತು’ ಎನ್ನುವವರ ಗಿಡಕ್ಕೆ ಬಹುಪಾಲು ಆಗಿರುವುದು ಇದೇ. ಅಲ್ಲಿ ಚಳಿ ಮಾಡುವ ಕೆಲಸವನ್ನು ಇಲ್ಲಿ ಕುಡುಗೋಲು ಮಾಡಬೇಕು. ಅದು ಯಾವಾಗ, ಹೇಗೆ ಎಂಬುದಕ್ಕೆ ಮುಂದೆ ಬರುತ್ತೇನೆ. ಮೊದಲು ಯಾವ ಗಿಡ ಎಂದು ತೀರ್ಮಾನವಾಗಲಿ.

ನಮ್ಮ ಹವೆಗೆ ಯೋಚಿಸಬಹುದಾದದ್ದು ಎರಡು. ಒಂದು ಮ್ಯಾಕ್ಸಿಮಿಲಿಯನ್ ಸೂರ್ಯಕಾಂತಿ. 1832ರಿಂದ 34ರವರೆಗೆ ಉತ್ತರ ಅಮೆರಿಕ ಸುತ್ತಿದ ಜರ್ಮನಿಯ ರಾಜಕುಮಾರ ಮ್ಯಾಕ್ಸಿಮಿಲಿಯನ್‌ನ ಹೆಸರು ಇದಕ್ಕೆ. ಅಲ್ಲಿನ ಹುಲ್ಲುಗಾವಲಿನ ಗಿಡ, ಒಣ ನೆಲ ತಡೆಯುತ್ತದೆ, ಬುಡ ಗುಂಪಾಗಿ ನಿಲ್ಲುತ್ತದೆ, ಊರೆಲ್ಲ ಓಡುವುದಿಲ್ಲ. ಎಲೆ ಉದ್ದ, ಕಿರಿದು, ನಡುನರದ ಉದ್ದಕ್ಕೂ ದೋಣಿಯ ಹಾಗೆ ಮಡಚಿರುತ್ತದೆ. ಗುರುತು ಹಿಡಿಯಲು ಇಷ್ಟು ಸಾಕು. ಇನ್ನೊಂದು ಜೆರುಸಲೆಮ್ ಆರ್ಟಿಚೋಕ್. ಜೆರುಸಲೆಮ್ಮಿಗೂ ಇದಕ್ಕೂ ಸಂಬಂಧವಿಲ್ಲ, ಇದೂ ಉತ್ತರ ಅಮೆರಿಕದ್ದೇ. ಶುಂಠಿಯ ಹಾಗೆ ಗಂಟುಗಂಟಾದ ಗೆಡ್ಡೆ ಬಿಡುತ್ತದೆ. ಗೆಡ್ಡೆ ಸೂರ್ಯಕಾಂತಿ ಎಂದು ಕರೆದರೆ ಯಾರಿಗೂ ಅರ್ಥವಾಗುತ್ತದೆ. ಬೇಗ ಬೇರೂರುತ್ತದೆ, ಆಮೇಲೆ ಹೋಗು ಎಂದರೂ ಹೋಗುವುದಿಲ್ಲ.

ಜವುಗು ನೆಲದ ಜಾತಿಯೊಂದಿದೆ, ಬೋರ್‌ವೆಲ್ ನಂಬಿದ ನಮಗೆ ಅದು ಬೇಡ. ಮೆಕ್ಸಿಕನ್ ಸೂರ್ಯಕಾಂತಿ ಎಂದು ನರ್ಸರಿಯಲ್ಲಿ ಕಡ್ಡಿ ಕೊಡುವುದು ಟಿಥೋನಿಯಾ, ಬೇರೆ ಕುಲದ್ದು. ಎಂಟು ಹತ್ತು ಅಡಿಯ ಪೊದೆಯಾಗುತ್ತದೆ. ಪಶ್ಚಿಮಘಟ್ಟದ ರಸ್ತೆಬದಿಯಲ್ಲಿ ಕಳೆಯಾಗಿ ಹಬ್ಬಿರುವುದು ಇದೇ. ತೋಟದ ಬೇಲಿಗೆ ಹಾಕಿ ಬೀಜ ಕಟ್ಟುವ ಮೊದಲೇ ಸವರಿ ಹಸಿರೆಲೆ ಗೊಬ್ಬರ ಮಾಡಿಕೊಂಡರೆ ಲಾಭ ಉಂಟು, ಮನೆಯ ಹೂವಿನ ಮಡಿಗೆ ಅದು ದೊಡ್ಡದಾಯಿತು.

ಬೀಜ ಕೊಳ್ಳುವಾಗ ಮೋಸ ಹೋಗುವ ಜಾಗವೊಂದಿದೆ. ‘ಲೆಮನ್ ಕ್ವೀನ್’ ಹೆಸರಿನ ಸೂರ್ಯಕಾಂತಿ ಎರಡಿವೆ. ಒಂದು ಬಹುವಾರ್ಷಿಕ, ಅದನ್ನು ಬುಡ ಸೀಳಿಯೇ ಬೆಳೆಸುತ್ತಾರೆ. ಇನ್ನೊಂದು ಹೊಲದ ಸೂರ್ಯಕಾಂತಿಯ ತಿಳಿಹಳದಿ ತಳಿ, ಒಂದೇ ಹಂಗಾಮಿನದು. ಪೊಟ್ಟಣದಲ್ಲಿ ಬೀಜವಾಗಿ ಬರುವುದು ಎರಡನೆಯದು. ಬೀಜದ ಗಾತ್ರ ನೋಡಿದರೂ ಗೊತ್ತಾಗುತ್ತದೆ: ಹೊಲದ ಸೂರ್ಯಕಾಂತಿ ಬೀಜ ಒಂದು ಸೆಂಟಿಮೀಟರಿನ ಆಸುಪಾಸು, ಮ್ಯಾಕ್ಸಿಮಿಲಿಯನ್ ಬೀಜ 3-4 ಮಿಲಿಮೀಟರ್, ಕಂದು ಬಣ್ಣ, ಒಂದು ಗ್ರಾಮಿಗೆ ನಾನೂರರ ಮೇಲೆ ಬರುತ್ತದೆ. ಪೊಟ್ಟಣದ ಮೇಲೆ ಏನೇ ಬರೆದಿರಲಿ, ಒಳಗೆ ದೊಡ್ಡ ಪಟ್ಟೆಪಟ್ಟೆ ಬೀಜ ಇದ್ದರೆ ಅದು ಬಹುವಾರ್ಷಿಕವಲ್ಲ. ಅಮೆರಿಕದಲ್ಲಿರುವ ಮಗ ಬರುವಾಗ ಗೆಡ್ಡೆ ತರಲಿ ಎಂದೂ ಕೆಲವರು ಯೋಚಿಸುತ್ತಾರೆ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿಯೂ ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಇಲ್ಲದೆ ನೆಡುವ ವಸ್ತು ತರುವಂತಿಲ್ಲ. ಇಲ್ಲಿಯೇ ಬೆಳೆದವರಿಂದ ಕೊಳ್ಳಿ.

ಇನ್ನು ಜಾಗ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ ಎಂದುಕೊಂಡು ಎಲ್ಲೋ ಒಂದು ಗೋಡೆ ಪಕ್ಕ ನೆಡುವುದೇ ಮೊದಲ ತಪ್ಪು. ಸುಮಾರು ಏಪ್ರಿಲ್ 24 ಮತ್ತು ಆಗಸ್ಟ್ 18ರಂದು ನಮ್ಮ ನೆತ್ತಿಯ ನೇರಕ್ಕೆ ಸೂರ್ಯ ಬರುತ್ತಾನೆ. ಈ ಎರಡರ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ, ಉಳಿದ ಎಂಟು ತಿಂಗಳು ದಕ್ಷಿಣದ ಕಡೆ. ಜೂನ್‌ನಲ್ಲಿ ನೋಡಿ ಇಲ್ಲಿ ಒಳ್ಳೆ ಬಿಸಿಲಿದೆ ಎಂದು ಗೋಡೆಯ ಉತ್ತರದ ಮಗ್ಗುಲಲ್ಲಿ ನೆಟ್ಟರೆ, ಮೊಗ್ಗು ಕಟ್ಟಿ ಹೂ ಬಿಡುವ ಅಕ್ಟೋಬರ್-ನವೆಂಬರಿನಲ್ಲಿ ಅದು ನೆರಳಿಗೆ ಬೀಳುತ್ತದೆ. 5 ಅಡಿ ಕಾಂಪೌಂಡ್ ಗೋಡೆಯ ಮಧ್ಯಾಹ್ನದ ನೆರಳು ಅಕ್ಟೋಬರ್ ಕೊನೆಗೆ ಎರಡೂವರೆ ಅಡಿ, ಡಿಸೆಂಬರಿನಲ್ಲಿ ಮೂರೂವರೆ ಅಡಿ ದಾಟುತ್ತದೆ. 3 ಅಡಿ ಅಗಲದ ಮಡಿ ಪೂರ್ತಿ ಮುಳುಗಿತು. ಆದ್ದರಿಂದ ಗೋಡೆಯ ದಕ್ಷಿಣ ಅಥವಾ ಪೂರ್ವದ ಮಗ್ಗುಲು ಹಿಡಿಯಿರಿ; ದಿನಕ್ಕೆ ಆರು ಗಂಟೆ ನೇರ ಬಿಸಿಲು ಕಡ್ಡಾಯ. ಕಡಿಮೆಯಾದರೆ ಗಿಡ ಸಾಯುವುದಿಲ್ಲ, ಬೆಳಕಿಗೆ ಚಾಚಿಕೊಂಡು ಬಾಗಿ ಮೊದಲ ಮಳೆಗಾಳಿಗೆ ಮಲಗುತ್ತದೆ.

ಗೇಟಿನ ದೀಪದ ಕೆಳಗೂ ಬೇಡ. ಕಾರಣ ನಮ್ಮ ಸೇವಂತಿಗೆ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಚಿಕ್ಕಬಳ್ಳಾಪುರದ ಸುತ್ತ ರಾತ್ರಿ ಹೊತ್ತು ಹೊಲದ ತುಂಬ ಬಲ್ಬು ಉರಿಸುವುದು ಯಾಕೆ? ಸೇವಂತಿಗೆ ಹೂ ಬಿಡಲು ರಾತ್ರಿ ಉದ್ದವಾಗಿರಬೇಕು. ಬೆಳಕು ಕೊಟ್ಟು ರಾತ್ರಿಯನ್ನು ತುಂಡರಿಸಿದರೆ ಮೊಗ್ಗು ತಡವಾಗುತ್ತದೆ, ಅಷ್ಟರಲ್ಲಿ ಗಿಡ ಎತ್ತರವಾಗುತ್ತದೆ. ಶರತ್ಕಾಲದಲ್ಲಿ ಹೂ ಬಿಡುವ ಈ ಸೂರ್ಯಕಾಂತಿಗಳೂ ಹಗಲು ಕುಗ್ಗುವುದನ್ನು ನೋಡಿಯೇ ಮೊಗ್ಗು ಕಟ್ಟುವಂಥವು. ರಾತ್ರಿಯಿಡೀ ಎಲ್‌ಇಡಿ ಬೆಳಗುವ ಕಡೆ ನೆಟ್ಟರೆ ಎಲೆ ಮೇಲೆ ಎಲೆ ಹಾಕುತ್ತಾ ಹೋಗಬಹುದು.

ಇದೇ ವಿಷಯಕ್ಕೆ ಇನ್ನೊಂದು ಮುಖವಿದೆ, ನೆಡುವ ಕಾಲ ತೀರ್ಮಾನವಾಗುವುದು ಅದರಿಂದಲೇ. ಇವುಗಳ ತವರಲ್ಲಿ ಬೇಸಿಗೆಯ ಹಗಲು 14-15 ಗಂಟೆ. ನಮ್ಮಲ್ಲಿ ಜೂನ್ 21ರಂದು ಕೂಡ 13 ಗಂಟೆ ಮುಟ್ಟುವುದಿಲ್ಲ, ಡಿಸೆಂಬರಿನಲ್ಲಿ 11 ಗಂಟೆ 20 ನಿಮಿಷದ ಆಸುಪಾಸು. ಗಿಡದ ಲೆಕ್ಕದಲ್ಲಿ ನಮ್ಮ ವರ್ಷವೆಲ್ಲ ಹೆಚ್ಚುಕಡಿಮೆ ಶರತ್ಕಾಲವೇ. ಪಟದಲ್ಲಿ ಎಂಟು ಹತ್ತು ಅಡಿ ನಿಂತ ಗಿಡ ಇಲ್ಲಿ ನಾಲ್ಕೈದು ಅಡಿಗೇ ಹೂವಿಗೆ ತಿರುಗಿದರೆ ಗೊಬ್ಬರ ಸಾಲಲಿಲ್ಲ ಎಂದು ಯೂರಿಯಾ ಸುರಿಯಬೇಡಿ. ಅಂಚಿನ ಮಡಿಗೆ ನಾಲ್ಕೈದು ಅಡಿಯೇ ಚೆಂದ. ಆದರೆ ನವೆಂಬರಿನಲ್ಲಿ ಸಸಿ ನೆಟ್ಟರೆ ಒಂದೂವರೆ ಅಡಿಗೇ ಮೊಗ್ಗು ಕಟ್ಟಿ ನಿಂತುಬಿಡುತ್ತದೆ, ಬೇರು ಇಳಿಸುವುದೇ ಇಲ್ಲ. ಹಾಗಾಗಿ ಗೆಡ್ಡೆಯಾದರೆ ರೋಹಿಣಿ, ಮೃಗಶಿರ ಮಳೆಯ ಹೊತ್ತಿಗೆ, ಅಂದರೆ ಮೇ ಕೊನೆಯಿಂದ ಜೂನ್ ಮೂರನೇ ವಾರದೊಳಗೆ. ಸಸಿಯಾದರೆ ಪುನರ್ವಸು, ಪುಷ್ಯದಲ್ಲಿ, ಜುಲೈ ತಿಂಗಳಲ್ಲಿ. ನಮ್ಮ ಕಡೆ ದೊಡ್ಡ ಮಳೆ ಬರುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಹುಬ್ಬೆ, ಉತ್ತರೆ ಸುರಿಯುವ ಮೊದಲು ಗಿಡ ನೆಲ ಹಿಡಿದಿರಬೇಕು.

ಮಡಿ ಸಿದ್ಧ ಮಾಡುವ ಕೆಲಸ ಇದಕ್ಕೂ ಮೂರು ತಿಂಗಳು ಮೊದಲೇ ಶುರು. ಟೊಮೇಟೊ, ಬದನೆ ಬೆಳೆದ ನೆಲವಾದರೆ ಗಂಟುಬೇರಿನ ಜಂತು ಇರುವ ಸಾಧ್ಯತೆ ಹೆಚ್ಚು, ಸೂರ್ಯಕಾಂತಿ ಬೇರೂ ಅದಕ್ಕೆ ಆಹಾರ. ಹಳೇ ಗಿಡ ಕಿತ್ತು ಬೇರು ನೋಡಿ, ಸಣ್ಣ ಸಣ್ಣ ಗಂಟು ಕಂಡರೆ ಫೆಬ್ರುವರಿಯಲ್ಲಿ ಒತ್ತಾಗಿ ಚೆಂಡುಹೂವು ಹಾಕಿ. ಎರಡೂವರೆ ಮೂರು ತಿಂಗಳು ಬೆಳೆಸಿ, ಅಲ್ಲೇ ಕೊಚ್ಚಿ ಮಣ್ಣಿಗೆ ಸೇರಿಸಿ. ನೆಲ ಚೆನ್ನಾಗಿದ್ದರೆ ಈ ಹಂತ ಬೇಡ.

12 ಅಡಿ ಉದ್ದ, 3 ಅಡಿ ಅಗಲದ ಮಡಿ ಎಂದು ಲೆಕ್ಕ ಹಿಡಿಯೋಣ. ಗೋಡೆಯಿಂದ ಒಂದು ಅಡಿ ಬಿಟ್ಟು ಗುರುತು ಹಾಕಿ. ಗೋಡೆಗೆ ಅಂಟಿಸಿದರೆ ಸಿಮೆಂಟಿನ ಕಾವು ಎಲೆಗೆ ಬಡಿಯುತ್ತದೆ, ಹಿಂದೆ ಕೈ ಹಾಕಿ ಕಡ್ಡಿ ಕಟ್ಟಲೂ ಆಗುವುದಿಲ್ಲ. ಒಂದೂವರೆ ಅಡಿ ಆಳ ಅಗೆಯಿರಿ. ಕಾಂಪೌಂಡ್ ಪಕ್ಕದ ಮಣ್ಣಿನಲ್ಲಿ ಮನೆ ಕಟ್ಟಿದಾಗಿನ ಗಾರೆ, ಜಲ್ಲಿ, ಸಿಮೆಂಟ್ ಚೂರು ಹೂತಿರುತ್ತದೆ. ಅದನ್ನು ಆರಿಸಿ ಹೊರಗೆ ಹಾಕುವುದು ಬೇಸರದ ಕೆಲಸ, ಆದರೂ ಬಿಡಬೇಡಿ. ಅದು ಕ್ಷಾರ, ನಮ್ಮ ಬೋರ್ ನೀರೂ ಗಡಸು. ಎರಡೂ ಸೇರಿದರೆ ಮಣ್ಣಿನಲ್ಲಿ ಕಬ್ಬಿಣ ಇದ್ದೂ ಗಿಡಕ್ಕೆ ಸಿಗುವುದಿಲ್ಲ. ಗುಂಡಿಗೆ ಒಂದು ಅಡಿ ನೀರು ತುಂಬಿಸಿ ಇಂಗಲು ಬಿಡಿ, ಮತ್ತೆ ತುಂಬಿಸಿ. ಎರಡನೇ ಸಲದ ನೀರು ನಾಲ್ಕು ಗಂಟೆಯಾದರೂ ನಿಂತಿದ್ದರೆ ಕೆಳಗೆ ಗಟ್ಟಿ ಗರಸು ಇದೆ ಎಂದರ್ಥ, ಹಾರೆಯಿಂದ ಅಲ್ಲಲ್ಲಿ ಬಿರಿಯಬೇಕು.

ಅಗೆದ ಮಣ್ಣಿಗೆ ಎರಡು ಬಾಂಡ್ಲಿ, ಅಂದರೆ 15ರಿಂದ 20 ಕೆಜಿ, ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ, ಅರ್ಧ ಕೆಜಿ ಬೇವಿನ ಹಿಂಡಿ. ಅಷ್ಟೇ. ಗೊಬ್ಬರ ಹೆಚ್ಚಾದರೆ ಗಿಡ ಮೆತ್ತಗೆ ಉದ್ದವಾಗಿ ಬೀಳುತ್ತದೆ. ಹಸಿ ಸಗಣಿ ಹಾಕಿದರೆ ಗೊಣ್ಣೆಹುಳು ಬರುತ್ತದೆ. ಒಲೆಬೂದಿ ಹಾಕುವ ಅಭ್ಯಾಸ ಇದ್ದವರು ಇಲ್ಲಿ ಕೈ ತಡೆಯಿರಿ, ಬೂದಿಯೂ ಕ್ಷಾರವೇ. ಗೊಬ್ಬರಕ್ಕೆ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಶಿಲೀಂಧ್ರದ ಪುಡಿ) ಬೆರೆಸುವುದಾದರೆ 10 ಕೆಜಿಗೆ 100 ಗ್ರಾಂ ಲೆಕ್ಕ: ನೆರಳಲ್ಲಿ ಗುಡ್ಡೆ ಹಾಕಿ, ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ 15 ದಿನ ಬಿಟ್ಟು ಆಮೇಲೆ ಮಣ್ಣಿಗೆ ಸೇರಿಸಿ. ಪುಡಿಯನ್ನು ನೇರ ಒಣ ಮಣ್ಣಿಗೆ ಎರಚಿದರೆ ದುಡ್ಡು ದಂಡ. ಕೊನೆಗೆ ಮಡಿ ಸುತ್ತಲ ನೆಲಕ್ಕಿಂತ ಆರು ಇಂಚು ಏರಿರಬೇಕು.

ಗೆಡ್ಡೆ ಸೂರ್ಯಕಾಂತಿ ನೆಡುವವರಿಗೆ ಒಂದು ಗುಟ್ಟು. ಹೊಸದಾಗಿ ಕಿತ್ತ ಗೆಡ್ಡೆ ನಿದ್ದೆಯಲ್ಲಿರುತ್ತದೆ, ಆ ನಿದ್ದೆ ಮುರಿಯುವುದು ಚಳಿ. ನಮ್ಮ ನೆಲದಲ್ಲಿ ಅಷ್ಟು ಚಳಿ ಇಲ್ಲವಾದ್ದರಿಂದ ಕೆಲವು ಮೊಳೆಯುತ್ತವೆ, ಕೆಲವು ಹಾಗೇ ಕುಳಿತು ಕೊಳೆಯುತ್ತವೆ. ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರಿನ ಪುಡಿಯೊಳಗೆ ಹುದುಗಿಸಿ ಐದಾರು ವಾರ ಇಡಿ. ಫ್ರೀಜರಿನಲ್ಲಲ್ಲ. ಆಲೂಗಡ್ಡೆಯ ಹಾಗೆ ಬುಟ್ಟಿಯಲ್ಲಿ ಹರಡಿಟ್ಟರೆ ಆಗದು, ಇದರ ಸಿಪ್ಪೆ ತೀರಾ ತೆಳು, ಕೆಲವೇ ದಿನಕ್ಕೆ ಬಾಡಿ ಸುಕ್ಕಾಗುತ್ತದೆ. ನೆಡುವಾಗ ಕೋಳಿಮೊಟ್ಟೆ ಗಾತ್ರದ, 50-60 ಗ್ರಾಂ ತೂಕದ ತುಂಡು, ಎರಡು ಮೂರು ಕಣ್ಣು ಇರಬೇಕು. ಕತ್ತರಿಸಿದರೆ ಒಂದು ದಿನ ನೆರಳಲ್ಲಿ ಗಾಯ ಒಣಗಲಿ. ನೆಡುವುದು ಬಯಲು ಮಡಿಗಲ್ಲ, ಕೊನೆಯಲ್ಲಿ ಹೇಳುವ ಉಂಗುರದೊಳಗೆ; ನಾಲ್ಕೈದು ಇಂಚು ಆಳ, ತುಂಡಿನಿಂದ ತುಂಡಿಗೆ ಎರಡು ಅಡಿ. ಎರಡು ಮೂರು ವಾರಕ್ಕೆ ಮೊಳಕೆ ಮೇಲೆ ಬರುತ್ತದೆ, ಒಂದು ಅಡಿಯಾದಾಗ ಆಲೂಗಡ್ಡೆಗೆ ಏರಿಸಿದಂತೆ ಬುಡಕ್ಕೆ ಮಣ್ಣು ಏರಿಸಿ.

ಮ್ಯಾಕ್ಸಿಮಿಲಿಯನ್ ಬೀಜಕ್ಕೂ ಫ್ರಿಜ್ಜೇ ಗತಿ. ಏಪ್ರಿಲ್ ಕೊನೆಯಲ್ಲಿ ಒಂದು ಹಿಡಿ ತೊಳೆದ ಕೋಕೋಪಿಟ್ ಹಿಂಡಿ, ಹನಿ ಉದುರದಷ್ಟು ಒದ್ದೆ ಇಟ್ಟುಕೊಂಡು, ಬೀಜ ಬೆರೆಸಿ ಜಿಪ್ ಕವರಿನಲ್ಲಿ 30 ದಿನ. ಜೂನ್ ಮೊದಲ ವಾರ ಪ್ರೋಟ್ರೇಗೆ (ಸಸಿ ಎಬ್ಬಿಸುವ ಗುಳಿಗುಳಿ ತಟ್ಟೆಗೆ) ಹಾಕಿ, ಗುಳಿಗೆ ಎರಡು ಬೀಜ, ಮೇಲೆ ಬೀಜ ಮುಚ್ಚುವಷ್ಟೇ ಪುಡಿ. ಆಳ ಹೋದರೆ ಮೇಲೆ ಬರುವುದಿಲ್ಲ. ಹತ್ತರಿಂದ ಇಪ್ಪತ್ತು ದಿನದವರೆಗೂ ಒಂದೊಂದಾಗಿ ಹುಟ್ಟುತ್ತವೆ, ಟ್ರೇ ಬೇಗ ಎಸೆಯಬೇಡಿ. ಇರುವೆ ಹೊತ್ತೊಯ್ಯದಂತೆ ಟ್ರೇಯನ್ನು ನೀರಿನ ತಟ್ಟೆಯಲ್ಲಿ ನಿಲ್ಲಿಸಿದ ಇಟ್ಟಿಗೆ ಮೇಲಿಡಿ, ಅಳಿಲು ಕೆದಕದಂತೆ ಮೇಲೊಂದು ಬಲೆ. ಬೆಳಿಗ್ಗೆ ಮಾತ್ರ ನೀರು. ಸಂಜೆ ತೋಯಿಸಿ ರಾತ್ರಿಯಿಡೀ ಒದ್ದೆ ಉಳಿದರೆ ಸಸಿಯ ಕತ್ತು ತೆಳ್ಳಗಾಗಿ ಸಾಲಾಗಿ ಮಲಗುತ್ತವೆ. ನಾಲ್ಕು ನಿಜವಾದ ಎಲೆ ಬಂದು, ಎಳೆದರೆ ಬೇರಿನ ಮುದ್ದೆ ಒಡೆಯದೆ ಬರುವಂತಾದಾಗ ನೆಡಲು ಸಿದ್ಧ.

ನೆಡುವುದು ಮೋಡ ಕವಿದ ಸಂಜೆ. ಮಡಿಯ ಹಿಂಬದಿಗೆ ಎರಡೂವರೆ ಅಡಿಗೊಂದರಂತೆ ಐದು ಸಸಿ. ಈಗ ನೋಡಿದರೆ ಬೋಳು ಬೋಳಾಗಿ ಕಾಣುತ್ತದೆ, ಮಧ್ಯೆ ಇನ್ನೆರಡು ತುರುಕಲು ಕೈ ಚುರುಗುಟ್ಟುತ್ತದೆ. ಎರಡನೇ ವರ್ಷ ಆ ಜಾಗವೆಲ್ಲ ತುಂಬುತ್ತದೆ. ಟ್ರೇಯಲ್ಲಿ ಎಷ್ಟು ಮಟ್ಟದಲ್ಲಿತ್ತೋ ಮಡಿಯಲ್ಲೂ ಅಷ್ಟೇ ಮಟ್ಟ. ಟೊಮೇಟೊ ಸಸಿಯ ಹಾಗೆ ಕಾಂಡ ಹೂಳುವಂತಿಲ್ಲ, ಇದರ ಬುಡ ಕೊಳೆಯುತ್ತದೆ. ಕೈಯಿಂದ ಒತ್ತಿ, ಗಿಡಕ್ಕೆ ಎರಡು ಲೀಟರ್ ನೀರು ನಿಧಾನ ಬಿಡಿ. ಮುಂದಿನ ಸಾಲಿಗೆ ಎರಡು ಅಡಿ ಎತ್ತರ ಮೀರದ ಗಿಡ ಬೇಕೇಬೇಕು, ಯಾಕೆಂದರೆ ಈ ಸೂರ್ಯಕಾಂತಿಗಳ ಕೆಳಗಿನ ಎಲೆ ಉದುರಿ ಕಾಲು ಬರಿದಾಗುತ್ತದೆ. ಗೇಲಾರ್ಡಿಯಾ, ಗಿಡ್ಡ ಸೇವಂತಿಗೆ ಚೆನ್ನಾಗಿ ಮುಚ್ಚುತ್ತವೆ.

ಮೊದಲ ಹತ್ತು ದಿನ ಮಳೆ ಇಲ್ಲದಿದ್ದರೆ ದಿನ ಬಿಟ್ಟು ದಿನ ಎರಡು ಲೀಟರ್. ಆಮೇಲೆ ವಾರಕ್ಕೆರಡು ಸಲ ಐದು ಲೀಟರ್. ಆರು ವಾರವಾದ ಮೇಲೆ ವಾರಕ್ಕೊಂದೇ ಸಲ ಹತ್ತು ಲೀಟರ್, ಬೇರು ನೀರು ಹುಡುಕಿಕೊಂಡು ಕೆಳಗಿಳಿಯಲಿ. ದಿನಾ ಒಂದು ಚೊಂಬು ಎರೆಯುವ ಪ್ರೀತಿ ಇದೆಯಲ್ಲ, ಅದರಿಂದ ಬೇರು ಮೇಲೆಯೇ ಹರಡಿ, ನೀವು ಮೂರು ದಿನ ಊರಿಗೆ ಹೋದರೆ ಗಿಡ ಸೊರಗುತ್ತದೆ. ಡ್ರಿಪ್ ಇದ್ದರೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್, ಬುಡದಿಂದ ಎಂಟು ಇಂಚು ದೂರ, ಆಚೆಗೊಂದು ಈಚೆಗೊಂದು. ಒಣಗಿದ ಹೊಂಗೆ ಎಲೆ ಎರಡು ಇಂಚು ಹೊದಿಸಿ, ಬುಡದ ಸುತ್ತ ನಾಲ್ಕು ಇಂಚು ಬರಿ ನೆಲ ಬಿಡಿ.

ಆ ನಾಲ್ಕು ಇಂಚು ಯಾಕೆ ಎಂದು ತಿಳಿಯಬೇಕಾದರೆ ಸೆಪ್ಟೆಂಬರಿನಲ್ಲಿ ವಾರವಿಡೀ ಮಳೆ ಹಿಡಿದ ಮೇಲೆ ಬುಡದ ಎಲೆ ಸರಿಸಿ ನೋಡಿ. ಗಿಡ ಬೆಳಿಗ್ಗೆಯೇ ಜೋಲು ಬಿದ್ದಿರುತ್ತದೆ, ಮಣ್ಣು ಒದ್ದೆ. ಕಾಂಡ ನೆಲ ಮುಟ್ಟುವ ಕಡೆ ಹತ್ತಿ ಎಳೆದು ಅಂಟಿಸಿದಂತೆ ಬಿಳಿ ಎಳೆ, ಅದರ ಮೇಲೆ ಸಾಸಿವೆ ಕಾಳಿನಂಥ ಕಂದು ಗುಂಡು. ಬೆರಳಿಂದ ಒತ್ತಿದರೆ ತೊಗಟೆ ಜಾರಿ ಬರುತ್ತದೆ. ಕಡಲೆಕಾಯಿ ಬೆಳೆದವರಿಗೆ ಇದು ಹಳೇ ಶತ್ರು, ಸ್ಕ್ಲೀರೋಶಿಯಂ ಎಂಬ ಶಿಲೀಂಧ್ರದ ಬುಡಕೊಳೆ. ಆ ಗಿಡ ಉಳಿಯುವುದಿಲ್ಲ. ಸುತ್ತಲಿನ ಅರ್ಧ ಅಡಿ ಮಣ್ಣಿನ ಸಮೇತ ಕಿತ್ತು ಕವರಿಗೆ ಹಾಕಿ ಆಚೆ ಸಾಗಿಸಿ, ಕಾಂಪೋಸ್ಟ್ ಗುಂಡಿಗೆ ಮಾತ್ರ ಬೇಡ; ಸಾಸಿವೆಯಂಥ ಆ ಗುಂಡು ವರ್ಷಗಟ್ಟಲೆ ಮಣ್ಣಲ್ಲಿ ಕಾದಿರುತ್ತದೆ. ಬದುಕಿರುವ ಪಕ್ಕದ ಗಿಡಗಳ ಬುಡ ಬಿಡಿಸಿ ಗಾಳಿಯಾಡಲಿ, ಟ್ರೈಕೋಡರ್ಮಾ ಬೆರೆತ ಗೊಬ್ಬರ ಎರಡು ಬೊಗಸೆ ಹಾಕಿ.

ಚಿವುಟುವ ವಿಷಯ. ಕಡ್ಡಿ ಒಂದು ಅಡಿಯಾದಾಗ ತುದಿ ಚಿವುಟಿ, ಪಕ್ಕದ ಕೊಂಬೆ ಆರೇಳು ಇಂಚಾದಾಗ ಮತ್ತೊಮ್ಮೆ. ಆಗಸ್ಟ್ ಮಧ್ಯದ ನಂತರ ಮುಟ್ಟಬೇಡಿ, ಮೊಗ್ಗನ್ನೇ ಕಿತ್ತಂತಾಗುತ್ತದೆ. ಮೊದಲ ವರ್ಷ ಬುಡಕ್ಕೆ ಮೂರು ನಾಲ್ಕು ಕಡ್ಡಿ, ಎರಡನೇ ವರ್ಷದಿಂದ ಏಳೆಂಟು. ಹೆಚ್ಚಿಗೆ ಬಂದದ್ದನ್ನು ಬುಡದಲ್ಲೇ ಮುರಿಯಿರಿ. ಮೊದಲ ವರ್ಷದ ಹೂವು ಕಡಿಮೆ ಇದ್ದರೆ ಅದು ಸರಿಯಾಗಿಯೇ ಇದೆ, ಗಿಡ ಕೆಳಗೆ ಕೆಲಸ ಮಾಡುತ್ತಿದೆ.

ಆಸರೆಗೆ ಕೋಲಾರದ ಟೊಮೇಟೊ ಹೊಲ ನೋಡಿ ಕಲಿತರೆ ಸಾಕು. ಮಡಿಯ ಎರಡು ತುದಿಗೆ ಮತ್ತು ನಡುವೆ ಒಂದು, ಒಟ್ಟು ಮೂರು ನೀಲಗಿರಿ ಗಳ, ಆರು ಅಡಿಯದು, ಒಂದೂವರೆ ಅಡಿ ನೆಲದೊಳಗೆ. ಎರಡು ಅಡಿ ಎತ್ತರದಲ್ಲಿ ಒಂದು, ಮೂರೂವರೆ ಅಡಿಯಲ್ಲಿ ಇನ್ನೊಂದು ತಂತಿ. ಕಡ್ಡಿಗಳನ್ನು ಸುತಳಿಯಿಂದ ಎಂಟರ ಆಕಾರದಲ್ಲಿ ಸಡಿಲವಾಗಿ ಕಟ್ಟಿ. ಗಿಡ ಬಿದ್ದ ಮೇಲೆ ಎತ್ತಿ ಕಟ್ಟುವುದು ಬೇಡ, ಆಗಲೇ ಬುಡ ಸೀಳಿರುತ್ತದೆ. ಜುಲೈ ಕೊನೆಗೇ ಗಳ ನೆಟ್ಟಿರಬೇಕು.

ರೋಗ, ಹುಳುಗಳಲ್ಲಿ ನಾಲ್ಕನ್ನು ಗಮನಿಸಿದರೆ ಬಹುಪಾಲು ಆಯಿತು. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದು ರೋಗವಲ್ಲ, ಮೇಲೆ ಹೇಳಿದ ಕಬ್ಬಿಣದ ಕೊರತೆ. ಲೀಟರ್ ಮಳೆನೀರಿಗೆ ಅನ್ನಭೇದಿ (ಫೆರಸ್ ಸಲ್ಫೇಟ್) 5 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) 1 ಗ್ರಾಂ ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಕರಗಿಸಿದ ನೀರು ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿ, ಅದು ಕೆಟ್ಟಿದೆ. ಎರಡನೆಯದು ಕಂಬಳಿಹುಳು. ಮರಿಗಳು ಮೊದಲು ಒಂದೇ ಎಲೆಯ ಅಡಿ ಗುಂಪಾಗಿ ಮೇಯುತ್ತವೆ, ಎಲೆ ಜರಡಿಯಂತಾಗುತ್ತದೆ. ಆ ಎಲೆಯನ್ನೇ ಕಿತ್ತು ಸೋಪಿನ ನೀರಿಗೆ ಹಾಕಿದರೆ ಔಷಧಿ ಬೇಡ. ಎರಡು ದಿನ ತಡ ಮಾಡಿದರೆ ಚದುರಿಹೋಗುತ್ತವೆ. ಮೂರನೆಯದು ನವೆಂಬರ್ ಇಬ್ಬನಿ ಜೊತೆ ಬರುವ ಬೂದಿರೋಗ. ಕಡ್ಡಿ ಕಡಿಮೆ ಮಾಡಿ ಗಾಳಿಯಾಡಿಸುವುದೇ ಮುಖ್ಯ, ಹೆಚ್ಚಾದರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2-3 ಗ್ರಾಂ, ತಂಪು ಹೊತ್ತಲ್ಲಿ.

ನಾಲ್ಕನೆಯದು ನಮ್ಮ ನೆಲದ್ದೇ. ಸೂರ್ಯಕಾಂತಿಯ ನೆಕ್ರೋಸಿಸ್ ರೋಗ ಭಾರತದಲ್ಲಿ ಮೊದಲು ಕಂಡದ್ದು 1997ರಲ್ಲಿ, ಆಗ ಕೋಲಾರ ಜಿಲ್ಲೆಯಲ್ಲಿದ್ದ ಬಾಗೇಪಲ್ಲಿಯಲ್ಲಿ. ತಂಬಾಕಿನ ಒಂದು ವೈರಸ್ಸು ಅದಕ್ಕೆ ಕಾರಣ. ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಯಾವ ಗುರುತೂ ತೋರಿಸದೆ ಆ ವೈರಸ್ಸನ್ನು ಇಟ್ಟುಕೊಂಡಿರುತ್ತದೆ, ಅದರ ಹೂವಿನ ಪರಾಗದಲ್ಲಿ ವೈರಸ್ಸು, ಪರಾಗವನ್ನು ಮೈಗಂಟಿಸಿಕೊಂಡ ಥ್ರಿಪ್ಸ್ ಎಂಬ ಸಣ್ಣ ಕೀಟ ಎಲೆ ಕೆರೆದಾಗ ಗಾಯದೊಳಗೆ ಹೋಗುತ್ತದೆ. ಎಲೆಯ ನಡುನರದ ಪಕ್ಕ ಸುಟ್ಟಂಥ ಕಲೆ, ಎಲೆ ಒಂದು ಬದಿಗೆ ತಿರುಚು, ಕಾಂಡದ ಮೇಲೆ ಕಪ್ಪು ಗೆರೆ, ಮೊಗ್ಗು ಅರ್ಧಕ್ಕೇ ಮುದುಡುವುದು. ಇದು ಹೊಲದ ಸೂರ್ಯಕಾಂತಿಯ ರೋಗ. ನಮ್ಮ ಗಿಡವೂ ಅದೇ ಕುಲದ್ದಾದ್ದರಿಂದ ಇಂಥ ಗುರುತು ಕಂಡರೆ ಕಿತ್ತುಬಿಡುವುದೇ ಕ್ಷೇಮ, ಮದ್ದಿಲ್ಲ. ಕಾಂಪೌಂಡಿನ ಆಚೆ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಂತಿದ್ದರೆ ಈಚೆ ನೀವು ಏನು ಸಿಂಪಡಿಸಿದರೂ ಅಷ್ಟೇ. ಜೂನ್-ಜುಲೈನಲ್ಲಿ, ಹೂವಿಗೆ ಬರುವ ಮೊದಲೇ, ಕೈಗೆ ಕವರು ಹಾಕಿಕೊಂಡು ಬೇರುಸಮೇತ ಕೀಳಿ.

ಈಗ ಕುಡುಗೋಲಿಗೆ ಬರೋಣ. ಹೂ ಮುಗಿದ ತಕ್ಷಣ ಕತ್ತರಿಸಬಾರದು. ಹಸಿರೆಲೆ ಇರುವವರೆಗೆ ಅದು ಬುಡಕ್ಕೆ ಊಟ ಕಳಿಸುತ್ತಿರುತ್ತದೆ. ಒಣಗಿದ ಹೂ ಮಾತ್ರ ತೆಗೆದು, ಡಿಸೆಂಬರ್ ಮೊದಲ ವಾರದಿಂದ ನೀರು ಇಳಿಸುತ್ತಾ ಬನ್ನಿ: ವಾರಕ್ಕೆ ಹತ್ತು ಲೀಟರ್ ಇದ್ದದ್ದು ಐದು, ಮುಂದಿನ ವಾರ ಎರಡು, ಆಮೇಲೆ ಇಲ್ಲ. ಮೂರು ನಾಲ್ಕು ವಾರಕ್ಕೆ ಕಡ್ಡಿ ಕಂದಾಗುತ್ತದೆ. ಸಂಕ್ರಾಂತಿ ಹೊತ್ತಿಗೆ ನೆಲದಿಂದ ನಾಲ್ಕು ಇಂಚು ಬಿಟ್ಟು ಸವರಿಬಿಡಿ. ಬುಡದ ಮಣ್ಣು ಸ್ವಲ್ಪ ಕೆದಕಿದರೆ ಹಳೇ ಕಡ್ಡಿಯ ಪಕ್ಕ ಅರಿಶಿನದ ಮೊಳಕೆಯಂಥ ಮೊಂಡು ಮೊಗ್ಗುಗಳು ಕಾಣುತ್ತವೆ. ಮುಂದಿನ ವರ್ಷದ ಗಿಡ ಅದು. ಮಣ್ಣು ಮುಚ್ಚಿ, ಈಗ ಬುಡದ ಮೇಲೂ ಸೇರಿ ಮೂರು ಇಂಚು ಒಣ ಎಲೆ ಹೊದಿಸಿ. ಮಳೆಗಾಲದಲ್ಲಿ ಬೇಡವೆಂದದ್ದು ಈಗ ಬೇಕು, ಈಗ ಶತ್ರು ಕಾವು.

ಫೆಬ್ರುವರಿಯಿಂದ ಮೇವರೆಗೆ ಹನ್ನೆರಡು ದಿನಕ್ಕೊಮ್ಮೆ ಗಿಡಕ್ಕೆ ಮೂರು ಲೀಟರ್ ಸಾಕು, ಬುಡ ಬಾಡದಿರಲು ಮಾತ್ರ. ಅಷ್ಟರಲ್ಲೇ ಚಿಗುರು ಎದ್ದರೆ ಎದೆಗುಂದಬೇಡಿ, ಗೇಣುದ್ದ ಆದಾಗ ಮತ್ತೆ ಸವರಿ. ಚೆಂದ ಬಂದಿದೆ ಎಂದು ಬಿಟ್ಟಿರೋ, ಮೊದಲು ಹೇಳಿದ ಫೆಬ್ರುವರಿ ಹೂವಿನ ಕಥೆಯೇ. ಮಾರ್ಚ್ ಕೊನೆಯಿಂದ, ಬಿಸಿಲು 35 ಡಿಗ್ರಿ ದಾಟಿದ ಮೇಲೆ, ಪಶ್ಚಿಮಕ್ಕೆ ತೆರೆದ ಮಡಿಗೆ ಒಂದು ತೆಂಗಿನ ಗರಿ ಅಡ್ಡ ಇಟ್ಟರೆ ಒಳ್ಳೆಯದು. ಮೇ ಕೊನೆಯ ಮಳೆ ಬಿದ್ದ ಕೂಡಲೇ ಹೊದಿಕೆ ಬುಡದಿಂದ ಸರಿಸಿ, ಗಿಡಕ್ಕೆರಡು ಬೊಗಸೆ ಎರೆಗೊಬ್ಬರ ಹಾಕಿ ನೀರು ಹೆಚ್ಚಿಸಿ.

ಮ್ಯಾಕ್ಸಿಮಿಲಿಯನ್ ಬುಡವನ್ನು ಮೂರನೇ ವರ್ಷಕ್ಕೊಮ್ಮೆ ಸೀಳಬೇಕು. ಅದಕ್ಕೂ ಜೂನ್ ಮೊದಲ ವಾರವೇ. ಸುತ್ತ ಅಗೆದು ಎತ್ತಿ, ಸಲಿಕೆಯ ಬಾಯಿಂದ ನಾಲ್ಕು ಭಾಗ ಮಾಡಿ. ನಡುವಿನದು ಕಟ್ಟಿಗೆಯಾಗಿರುತ್ತದೆ, ಬಿಸಾಕಿ. ಹೊರಸುತ್ತಿನ ತುಂಡು, ಮೂರರಿಂದ ಐದು ಮೊಗ್ಗು ಮತ್ತು ಬಿಳಿ ಬೇರು ಇರುವುದು, ಮತ್ತೆ ನೆಡಿ. ಸೇವಂತಿಗೆ ಮರಿ ಬಿಡಿಸಿ ನೆಟ್ಟವರಿಗೆ ಇದರಲ್ಲಿ ಹೊಸದೇನಿಲ್ಲ.

ಗೆಡ್ಡೆ ಸೂರ್ಯಕಾಂತಿಗೆ ಮಾತ್ರ ಸೀಳುವ ಯೋಚನೆ ಅಲ್ಲ, ತಡೆಯುವ ಯೋಚನೆ. ಅದನ್ನು ಬಯಲು ಮಡಿಗೆ ಹಾಕಲೇಬಾರದು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಕ್ಕೆ ಎರಡು ಮಾಡಿ, ತಳ ಮತ್ತು ಮುಚ್ಚಳ ಕತ್ತರಿಸಿ ತೆಗೆದು, ಒಂದೊಂದು ಉಂಗುರವನ್ನು ಎರಡು ಇಂಚು ಮೇಲೆ ಕಾಣುವಂತೆ ಹೂತು, ಉಂಗುರಕ್ಕೊಂದು ಗೆಡ್ಡೆ ನೆಡಿ. ಬಾವಿಗೆ ಬಳಸುವ ಸಿಮೆಂಟ್ ರಿಂಗೂ ಆಗುತ್ತದೆ, ಆದರೆ ಕ್ಷಾರದ ಮಾತು ನೆನಪಿರಲಿ. ಜನವರಿಯಲ್ಲಿ ಕಡ್ಡಿ ಸವರಿದ ಮೇಲೆ ಉಂಗುರದೊಳಗಿನ ಮಣ್ಣು ಪೂರ್ತಿ ಅಗೆದು ಗೆಡ್ಡೆ ತೆಗೆಯಿರಿ. ಬಿಟ್ಟರೆ ಹೆಗ್ಗಣ ತೆಗೆಯುತ್ತದೆ. ನಾಲ್ಕೈದು ಒಳ್ಳೆಯದನ್ನು ಮತ್ತೆ ಫ್ರಿಜ್ಜಿಗೆ ಇಟ್ಟುಕೊಳ್ಳಿ. ಉಳಿದದ್ದನ್ನು ರಾಜಕಾಲುವೆಗೋ ಕೆರೆ ಏರಿಗೋ ಸುರಿಯಬೇಡಿ, ಬೆರಳ ತುದಿಯಷ್ಟು ಚೂರಿದ್ದರೂ ಅಲ್ಲಿ ಹಬ್ಬುತ್ತದೆ. ಪಲ್ಯ ಮಾಡಬಹುದು, ಆಲೂಗಡ್ಡೆಗಿಂತ ಸಿಹಿ. ಅದರಲ್ಲಿರುವುದು ಪಿಷ್ಟವಲ್ಲ, ನಮ್ಮ ಹೊಟ್ಟೆಗೆ ಜೀರ್ಣವಾಗದ ಇನ್ಯುಲಿನ್ ಎಂಬ ನಾರು. ಮೊದಲ ಸಲ ಒಬ್ಬರಿಗೆ ಎರಡು ಗೆಡ್ಡೆ ಮೀರಿದರೆ ರಾತ್ರಿಯಿಡೀ ಹೊಟ್ಟೆ ಗುಡುಗುತ್ತದೆ. ಒಗ್ಗರಣೆಗೆ ಇಂಗು ಸ್ವಲ್ಪ ಧಾರಾಳವಾಗಿಯೇ ಹಾಕಿ.